ಅಮ್ಮ ಉಪ್ಪು ಬಿಟ್ಟಾಗ

ನಮ್ಮಮ್ಮ ನಮ್ಮಪ್ಪನ ಬಾಯಿಗೆ ಮುದ್ದೆ ಕೋಲಿನಿಂದ ಹೊಡೆದಳು. ಹುಸಿ ಹೊಡೆತವಲ್ಲ. ಎರಡೂ ಕೈಯಲ್ಲಿ ಕೋಲು ಹಿಡಿದು, ಕಲ್ಲಿನ ಮೇಲೆ ಕಂಬಳಿ ಒಗೆಯುವವರ ಹಾಗೆ ಬೀಸಿ ಹೊಡೆದಳು. ಅಪ್ಪನ ಮುಂದಿನ ಹಲ್ಲು ಮುರಿದು ತಟ್ಟೆಯೊಳಗೆ ಬಿತ್ತು, ಮುದ್ದೆಯ ಪಕ್ಕಕ್ಕೆ. ರಕ್ತ ಗಲ್ಲದಿಂದ ಇಳಿದು ಬನಿಯನ್ನಿಗೆ ಹರಡಿತು. ಅಪ್ಪ ಅಳಲಿಲ್ಲ, ಕೂಗಲಿಲ್ಲ. ಮದುವೆಯಾದಂದಿನಿಂದ ತನ್ನೆದುರು ದನಿ ಎತ್ತದ ಹೆಂಡತಿಯನ್ನು ಬಾಯಿ ತೆರೆದುಕೊಂಡು ನೋಡುತ್ತ ಕೂತ. ಅವಳು ಎರಡನೇ ಏಟಿಗೆ ಕೋಲು ಎತ್ತಿದಳು. ನಾನು ಹಿಂದಿನಿಂದ ಹೋಗಿ ತಬ್ಬಿ ಹಿಡಿದೆ. ಅವಳ ಮೊಣಕೈ ನನ್ನ ಪಕ್ಕೆಗೆ ಬಿದ್ದ ರಭಸಕ್ಕೆ ಉಸಿರೇ ನಿಂತಂತಾಯಿತು. ಎಪ್ಪತ್ತು ದಾಟಿದ, ತುಂಬಿದ ಬಿಂದಿಗೆ ಎತ್ತಲಾಗದ ಹೆಂಗಸಿಗೆ ಅಷ್ಟು ಬಲ ಎಲ್ಲಿಂದ ಬಂತೋ ಗೊತ್ತಿಲ್ಲ.

ನಾನು ಸರೋಜ. ಸಹಕಾರನಗರದಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತೇನೆ. ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದ ಹೆಂಗಸರು ಮನೆಯ ಕಾಯಿಲೆಗಳನ್ನೆಲ್ಲ ಹೇಳಿಕೊಳ್ಳುತ್ತಾರೆ. ಶುಗರ್ರು, ಥೈರಾಯ್ಡು, ಗರ್ಭಕೋಶದ ಆಪರೇಷನ್ನು, ಯಾವುದಕ್ಕೂ ಮುಚ್ಚುಮರೆ ಇಲ್ಲ. ಆದರೆ ಮೊನ್ನೆ ಬಂದ ಒಬ್ಬಾಕೆಯ ತೋಳಿನ ತುಂಬ ಉಗುರಿನ ಗೀರುಗಳಿದ್ದವು. ಬೆಕ್ಕು ಪರಚಿತು ಅಂದರು. ಆ ಬೆಕ್ಕು ನನಗೆ ಗೊತ್ತು. ಅತ್ತೆಯಾ ಅಮ್ಮನಾ ಎಂದು ಕೇಳಿದೆ. ಆಕೆ ಮುಖದ ಮೇಲಿನ ಪ್ಯಾಕ್ ಕರಗಿ ಹೋಗುವಷ್ಟು ಅತ್ತರು. ಮನೆಯ ಹಿರಿಯರು ಕೈ ಎತ್ತಿದರೆ, ಕಚ್ಚಿದರೆ, ಕೇಳಬಾರದ ಮಾತು ಬೈದರೆ, ಅದು ಕಾಯಿಲೆ ಎಂದು ಬಾಯಿಬಿಟ್ಟು ಹೇಳಲು ನಮಗೆ ನಾಚಿಕೆ. ನನಗೆ ನಾಚಿಕೆ ಸ್ವಲ್ಪ ಕಮ್ಮಿ, ಸಿಟ್ಟು ಸ್ವಲ್ಪ ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ. ಆಕೆ ಓದಲಿ.

ಅಮ್ಮನ ಹೆಸರು ಅಕ್ಕಯಮ್ಮ. ಚಿಕ್ಕಜಾಲದ ಕಡೆಯವಳು. ಲಂಗ ದಾವಣಿಯ ವಯಸ್ಸಿನಲ್ಲೇ ಅಮೃತಹಳ್ಳಿಗೆ ಸೊಸೆಯಾಗಿ ಬಂದಳು. ಆಗ ನಮ್ಮ ಮನೆಯ ಹಿಂದೆ ದ್ರಾಕ್ಷಿ ತೋಟವಿತ್ತು. ಅಪ್ಪ ಮುನಿಶಾಮಪ್ಪ ಯಶವಂತಪುರದ ಆಚೆ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸಕ್ಕೆ ಹೋಗುತ್ತಿದ್ದ, ತೋಟ ಅಮ್ಮನ ಪಾಲಿಗೆ ಬಿತ್ತು. ಚಪ್ಪರ ಕಟ್ಟುವುದು, ಬಳ್ಳಿ ಸವರುವುದು, ಔಷಧಿ ಹೊಡೆಸುವುದು, ಬುಟ್ಟಿ ತುಂಬಿ ಟೆಂಪೋಗೆ ಏರಿಸುವುದು, ಎಲ್ಲ ಅವಳೇ. ಅದರ ನಡುವೆ ನಾನು, ನನ್ನ ತಮ್ಮ ರವಿ ಹುಟ್ಟಿ ಬೆಳೆದೆವು. ಆಮೇಲೆ ತೋಟ ಸೈಟುಗಳಾಯಿತು, ಸೈಟುಗಳ ಮೇಲೆ ಬಾಡಿಗೆ ಮನೆಗಳಾದವು. ಅಮ್ಮ ಮಾತ್ರ ಬದಲಾಗಲಿಲ್ಲ. ಅಪ್ಪ ಉಣ್ಣದೆ ತಾನು ಉಣ್ಣಳು. ಅಪ್ಪನ ಹೆಸರು ಬಾಯಲ್ಲಿ ಹೇಳಳು. ಆಧಾರ್ ಕಾರ್ಡ್ ಮಾಡಿಸುವಾಗ ಗಂಡನ ಹೆಸರು ಕೇಳಿದರೆ ಸೆರಗು ಬಾಯಿಗಿಟ್ಟುಕೊಂಡು ನನ್ನ ಕಡೆ ನೋಡಿದಳು.

ಅಪ್ಪ ಕುಡುಕನಲ್ಲ. ಅಮ್ಮನ ಮೇಲೆ ಒಂದು ದಿನವೂ ಕೈ ಮಾಡಿದವನಲ್ಲ. ಅವನ ಸಿಟ್ಟೆಲ್ಲ ತಟ್ಟೆಯ ಮೇಲೆ. ಸಾರಿಗೆ ಉಪ್ಪು ಒಂದು ಚಿಟಿಕೆ ಹೆಚ್ಚಾದರೂ ಕಮ್ಮಿಯಾದರೂ ತಟ್ಟೆ ಹಾರುತ್ತಿತ್ತು. ಒಂದು ಸಲ ಗೋಡೆಗೆ, ಒಂದು ಸಲ ಅಂಗಳಕ್ಕೆ, ಒಂದು ಸಲ ನನ್ನ ಶಾಲೆಯ ಬ್ಯಾಗಿನ ಮೇಲೆ. ನಮ್ಮ ಮನೆಯ ಸ್ಟೀಲ್ ತಟ್ಟೆಗಳಲ್ಲಿ ಅಂಚು ತಗ್ಗಾಗದ್ದು ಒಂದೂ ಇರಲಿಲ್ಲ. ಅಮ್ಮ ಬಗ್ಗಿ, ಬಳಿದು, ತೊಳೆದು, ಅದೇ ತಟ್ಟೆಯಲ್ಲಿ ಮತ್ತೆ ಬಡಿಸುತ್ತಿದ್ದಳು. ಗಂಡ ಉಣ್ಣುವ ಮೊದಲು ಅಡುಗೆ ರುಚಿ ನೋಡಬಾರದು ಎಂದು ಅವಳಿಗೆ ಅವಳ ಅತ್ತೆ ಕಲಿಸಿದ್ದರು. ಹಾಗಾಗಿ ಕೈ ಅಳತೆಯ ಮೇಲೆ ಉಪ್ಪು ಹಾಕಿ, ಬಾಗಿಲ ಹಿಂದೆ ನಿಂತು, ಅಪ್ಪ ಮೊದಲ ತುತ್ತು ನುಂಗುವುದನ್ನೇ ನೋಡುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ಚಿಕ್ಕಂದಿನಲ್ಲೇ ನನ್ನ ಮೈ ಉರಿಯುತ್ತಿತ್ತು. ಅವಳಿಗೆ ಉರಿಯುತ್ತಿತ್ತೋ ಇಲ್ಲವೋ ಕೇಳಿದವರಿಲ್ಲ.

ಅಪ್ಪನಿಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಿಕೊಂಡು ಬಂದಮೇಲೆ ಡಾಕ್ಟರು ಉಪ್ಪು ಕಮ್ಮಿ ಮಾಡಿ ಎಂದರು. ಉಪ್ಪಿನಕಾಯಿ, ಹಪ್ಪಳ, ಖಾರದ ತಿಂಡಿ ಎಲ್ಲ ಬಂದ್. ಅಪ್ಪ ಸಪ್ಪೆ ಊಟ ಮುಂದಿಟ್ಟರೆ ಮುಖ ತಿರುಗಿಸಿಕೊಂಡು ಕೂರುತ್ತಿದ್ದ. ತಟ್ಟೆ ಎಸೆಯುವಷ್ಟು ತ್ರಾಣ ಕೈಯಲ್ಲಿ ಇರಲಿಲ್ಲ, ಅಷ್ಟೇ. ಆಗ ಅಮ್ಮ ಊರಮ್ಮನಿಗೆ ಹರಕೆ ಹೊತ್ತು ತಾನೂ ಉಪ್ಪು ಬಿಟ್ಟಳು. ಒಲೆಯ ಪಕ್ಕದ ಉಪ್ಪಿನ ಭರಣಿಯನ್ನು ರವಿಯ ಹೆಂಡತಿ ಸುಮಳ ಕೈಗೆ ಕೊಟ್ಟು, ನಿಮ್ಮ ಅಡುಗೆ ನೀವು ಮಾಡಿಕೊಳ್ಳಿ, ನಮ್ಮಿಬ್ಬರದ್ದು ನಾನು ನೋಡಿಕೊಳ್ಳುತ್ತೇನೆ ಎಂದಳಂತೆ. ಎಲ್ಲಿಯವರೆಗೆ ಈ ಹರಕೆ ಎಂದು ನಾನು ಕೇಳಿದೆ. ಹೇಳಿಬಿಟ್ಟರೆ ಫಲ ಸಿಗುವುದಿಲ್ಲ ಎಂದು ಬಾಯಿ ಮುಚ್ಚಿಸಿದಳು. ಹೆಂಡತಿಯೂ ಸಪ್ಪೆ ಉಣ್ಣುವುದನ್ನು ನೋಡಿ ಅಪ್ಪ ಗೊಣಗಿಕೊಂಡು ಉಣ್ಣತೊಡಗಿದ. ನೆಂಟರು ಬಂದವರೆಲ್ಲ ಅಮ್ಮನನ್ನು ಹೊಗಳಿದ್ದೇ ಹೊಗಳಿದ್ದು. ಅವಳು ಬಹಳ ದಿನಗಳಿಂದ ಬಿಪಿಗೆ ನುಂಗುತ್ತಿದ್ದ ಮಾತ್ರೆ ಮೈಯೊಳಗಿನ ನೀರು, ಉಪ್ಪು ಎರಡನ್ನೂ ಹೊರಗೆ ಹಾಕುವ ಜಾತಿಯದ್ದು ಎನ್ನುವುದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಆಮೇಲಿನದು ಮೆಲ್ಲಮೆಲ್ಲಗೆ ಶುರುವಾಯಿತು. ಅಮ್ಮನಿಗೆ ಸುಸ್ತು, ವಾಕರಿಕೆ, ಚೊಂಬುಗಟ್ಟಲೆ ನೀರು ಕುಡಿದರೂ ತೀರದ ಬಾಯಾರಿಕೆ. ಮಧ್ಯಾಹ್ನ ಉಂಡ ಕೂಡಲೇ ನಿದ್ದೆ. ಬಾಗಿಲು ತೆಗೆಯಲು ಎದ್ದವಳು ಗೋಡೆಗೆ ಡಿಕ್ಕಿ ಹೊಡೆದಳು. ಸುಮಳನ್ನು ತನ್ನ ಸತ್ತುಹೋದ ತಂಗಿಯ ಹೆಸರಿನಿಂದ ಕರೆದಳು. ವಯಸ್ಸಾಯಿತು ಎಂದುಕೊಂಡೆವು. ವಯಸ್ಸಾಯಿತು ಎನ್ನುವ ಮಾತಿನೊಳಗೆ ಎಷ್ಟು ಕಾಯಿಲೆಗಳನ್ನು ಹಾಕಿ ಮುಚ್ಚಿಡಬಹುದೋ ದೇವರೇ ಬಲ್ಲ. ಒಂದು ಬೆಳಿಗ್ಗೆ ಸುಮ ಕಾಫಿ ಕೊಟ್ಟರೆ ಲೋಟವನ್ನು ಅವಳ ಮುಖಕ್ಕೇ ಎರಚಿದಳು. ಸುಮಳ ಕತ್ತಿನ ಮೇಲೆ ಬೊಬ್ಬೆ ಎದ್ದಿತು. ಸುಮ ಅಳುತ್ತ ನನಗೆ ಫೋನ್ ಮಾಡಿದಳು, ನಾನು ಪಾರ್ಲರ್ ಮುಚ್ಚಿ ಓಡಿದೆ. ಹೋಗುವಷ್ಟರಲ್ಲಿ ಅಡುಗೆಮನೆಯ ತಟ್ಟೆಗಳೆಲ್ಲ ಹಜಾರದಲ್ಲಿದ್ದವು. ಅಮ್ಮ ಒಂದೊಂದನ್ನೇ ಎತ್ತಿ ಗೋಡೆಗೆ ಬೀಸುತ್ತಿದ್ದಳು. ನನ್ನನ್ನು ಕಂಡು ಸ್ವಲ್ಪ ತಣ್ಣಗಾದಳು. ಊಟದ ಹೊತ್ತಿಗೆ ಎಂದಿನಂತೆ ಮುದ್ದೆ ತಿರುವಲು ಒಲೆಯ ಮುಂದೆ ಹೋಗಿ ನಿಂತಳು. ಸದ್ಯ ಎಂದುಕೊಂಡು ನಾನು ಅಪ್ಪನ ಮುಂದೆ ತಟ್ಟೆ ಇಟ್ಟೆ. ಮುದ್ದೆ ಬಡಿಸಿದವಳು ಒಳಗೆ ಹೋಗಿ ಅದೇ ಕೋಲು ಹಿಡಿದುಕೊಂಡು ಬಂದಳು. "ಬಾಯಿ ತೆಗಿ," ಎಂದಳು ಅಪ್ಪನಿಗೆ. ಅಪ್ಪ ತಲೆ ಎತ್ತಿದ. ಆಗಲೇ ಏಟು ಬಿದ್ದದ್ದು.

ರವಿ ಕೆಲಸದಿಂದ ಬರುವುದರೊಳಗೆ ದೊಡ್ಡಮ್ಮ ಬಂದು ಕೂತಿದ್ದರು. ಅಪ್ಪನ ಅಣ್ಣನ ಹೆಂಡತಿ, ಎರಡು ಮನೆ ಆಚೆ ಇರುವವರು. ಅಮ್ಮನ ಕೆದರಿದ ಕೂದಲು, ಕೆಂಪು ಕಣ್ಣು, ಕೈಯ ಕೋಲು ನೋಡಿ ಕೈ ಮುಗಿದರು.

"ಅಮ್ಮ ಬಂದವ್ಳೆ ಕಣೇ ಸರೋಜಾ. ಉಪ್ಪು ಬಿಟ್ಟು ಇಂಗೆ ಅರಕೆ ಒತ್ಕೊಂಡೋಳ ಮ್ಯಾಲೆ ಬರ್ದೆ ಇರ್ತಾಳಾ? ಆಸ್ಪತ್ರೆ ಗೀಸ್ಪತ್ರೆ ಅಂದ್ಬುಟ್ಟೀಯ, ಮೊದ್ಲು ಆರತಿ ಎತ್ತು."

ನಾನು ಬೇಡ ಎಂದು ಕಿರುಚಿದೆ. ನನ್ನ ಮಾತು ಯಾರೂ ಕೇಳಲಿಲ್ಲ. ಬಾಯಿಗೆ ಟವೆಲ್ ಒತ್ತಿಕೊಂಡಿದ್ದ ಅಪ್ಪನೇ ಅಮ್ಮನ ಕಾಲ ಬಳಿ ಕೂತು ಕೈ ಮುಗಿದುಬಿಟ್ಟ. ಗಂಡನೇ ಕಾಲ ಬಳಿ ಕೂತಮೇಲೆ ಬೀದಿಯ ಹೆಂಗಸರು ಬಿಡುತ್ತಾರೆಯೇ? ಹಣೆಗೆ ಅರಿಶಿನ ಮೆತ್ತಿದರು, ಬೇವಿನ ಸೊಪ್ಪು ತಂದು ಮೈಮೇಲೆ ಬೀಸಿದರು. ಮೊದಲು ಸವರಿದ ಹಾಗಿತ್ತು, ಆಮೇಲೆ ಬಾರಿಸಿದ ಹಾಗಾಯಿತು. ಅಮ್ಮನ ತೋಳಿನ ಮೇಲೆ ಬರೆಗಳು ಎದ್ದವು. ಅವಳು ಆರತಿ ತಟ್ಟೆಯನ್ನು ಒದ್ದಳು, ಉರಿಯುವ ಕರ್ಪೂರ ಚಾಪೆಯ ಮೇಲೆ ಬಿದ್ದು ಅವಳ ಸೆರಗಿನ ಅಂಚಿಗೆ ಹತ್ತಿತು. ಬಕೆಟ್ ನೀರು ತಂದು ಅವಳ ಮೇಲೆ ಸುರಿದು ಎಲ್ಲರನ್ನೂ ಬೈದು ಹೊರಗಟ್ಟಿದೆ. ದೊಡ್ಡಮ್ಮನಿಗೆ ಅಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅವರು ಈಗಲೂ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ, ನನಗೂ ಆ ಬಗ್ಗೆ ಬೇಸರವಿಲ್ಲ.

ರವಿ ಬಂದ ಕೂಡಲೇ ಒದ್ದೆ ಸೀರೆಯಲ್ಲೇ ಅಮ್ಮನನ್ನು ಕಾರಿಗೆ ಹಾಕಿಕೊಂಡೆವು. ಹೆಬ್ಬಾಳದ ಫ್ಲೈಓವರ್ ಮೇಲೆ ಎಂದಿನಂತೆ ಗಾಡಿಗಳು ಕಚ್ಚಿಕೊಂಡು ನಿಂತಿದ್ದವು. ಅಮ್ಮ ಹಿಂದಿನ ಸೀಟಿನಿಂದ ಬಗ್ಗಿ ರವಿಯ ಕೂದಲು ಹಿಡಿದು ಎಳೆದಳು. ಕಾರು ಮುಂದಿನ ಆಟೋಗೆ ತಾಗಿತು. ಆಟೋದವನು ಜಗಳಕ್ಕೆಂದು ಇಳಿದು ಬಂದವನು, ಕಿಟಕಿಯಲ್ಲಿ ಇಣುಕಿ ಅಮ್ಮನ ಮುಖ, ಮುಂದಿನ ಸೀಟಿನಲ್ಲಿ ರಕ್ತದ ಟವೆಲ್ ಹಿಡಿದ ಅಪ್ಪನ ಮುಖ ಎರಡನ್ನೂ ನೋಡಿದ. ಗಾಡಿಗಳ ನಡುವೆ ಓಡಾಡಿ ಒಂದೊಂದನ್ನೇ ಸರಿಸಿ ನಮಗೆ ದಾರಿ ಮಾಡಿಕೊಟ್ಟ. ಆ ಮನುಷ್ಯನ ಮುಖ ಈಗ ನೆನಪಿಲ್ಲ. ಅವನ ಮನೆಯಲ್ಲಿ ಎಲ್ಲರೂ ಚೆನ್ನಾಗಿರಲಿ.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಅಮ್ಮ ನರ್ಸಿನ ಕೈ ಕಚ್ಚಿದಳು. ಕಚ್ಚಿ ಹಿಡಿದದ್ದನ್ನು ಬಿಡಿಸಲು ಇಬ್ಬರು ಬೇಕಾದರು. ಸೆಕ್ಯುರಿಟಿಯವರು ಬಂದು ಅವಳನ್ನು ಮಂಚಕ್ಕೆ ಒತ್ತಿದರು, ಒಬ್ಬನ ಮೊಣಕಾಲು ಅವಳ ತೊಡೆಯ ಮೇಲಿತ್ತು. ನಾನು ಅವನ ಕಾಲರ್ ಹಿಡಿದು ಎಳೆದೆ. ನನ್ನನ್ನು ಹೊರಗೆ ಹಾಕಿದರು. ಬಾಗಿಲ ಗಾಜಿನಿಂದ ನೋಡುತ್ತಿದ್ದಂತೆಯೇ ಅಮ್ಮನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು, ಮೈ ಬಿಲ್ಲಿನ ಹಾಗೆ ಬಾಗಿತು, ಆಮೇಲೆ ಇಡೀ ಮಂಚವೇ ನಡುಗತೊಡಗಿತು. ಫಿಟ್ಸ್. ಬಾಯಲ್ಲಿ ನೊರೆ, ನೊರೆಯಲ್ಲಿ ರಕ್ತ. ಅವಳು ಸತ್ತಳು ಎಂದೇ ತಿಳಿದೆ. ಅಪ್ಪ ತನ್ನ ತುಟಿ ಹೊಲಿಯುತ್ತಿದ್ದ ಕೋಣೆಯಿಂದ ಎದ್ದು ಬಂದ. ಸೂಜಿ ದಾರ ತುಟಿಯಲ್ಲೇ ನೇತಾಡುತ್ತಿತ್ತು.

ರಕ್ತದ ರಿಪೋರ್ಟ್ ಬಂದಮೇಲೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಮ್ಮನ್ನು ಕರೆದು ಕೂರಿಸಿದರು. ತಲೆಯಲ್ಲಿ ಗಡ್ಡೆ ಇಲ್ಲ, ಹುಚ್ಚಲ್ಲ, ಅರಳುಮರಳೂ ಅಲ್ಲ ಎಂದರು. ಮೈಯಲ್ಲಿ ಉಪ್ಪಿನ ಅಂಶ ಪೂರ್ತಿ ಇಳಿದುಹೋಗಿದೆ, ಮೆದುಳಿಗೆ ನೀರು ತುಂಬಿಕೊಂಡಂತಾಗಿ ಹೀಗೆಲ್ಲ ಆಗುತ್ತಿದೆ, ಏನಾದರೂ ಪಥ್ಯ ಮಾಡುತ್ತಿದ್ದರಾ ಎಂದು ಕೇಳಿದರು. ನಾನು ಹರಕೆಯ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಆ ಬಿಪಿ ಮಾತ್ರೆ ನುಂಗುವವರು ಹೀಗೆ ಪೂರ್ತಿ ಉಪ್ಪು ಬಿಟ್ಟು, ಹೊಟ್ಟೆ ತುಂಬ ನೀರು ಕುಡಿದುಕೊಂಡು ಇರಬಾರದಿತ್ತು ಎಂದರು. ಹಾಗಾದರೆ ಈಗಲೇ ಉಪ್ಪು ಕೊಡಿ ಎಂದ ರವಿ. ಒಮ್ಮೆಗೇ ಏರಿಸಿದರೆ ಮೆದುಳಿಗೆ ಇನ್ನೂ ದೊಡ್ಡ ಪೆಟ್ಟು, ಡ್ರಿಪ್ಪಿನಲ್ಲಿ ಹನಿ ಹನಿಯಾಗಿ ಏರಿಸಬೇಕು, ಸರಿಹೋದರೂ ಮೊದಲಿನ ಹಾಗೆ ಆಗುತ್ತಾರೆಂದು ಈಗಲೇ ಹೇಳಲಾರೆ ಎಂದರು.

ಆ ಹನಿಗಳನ್ನು ನೋಡುತ್ತ ಕೂತಿದ್ದು ಇಡೀ ಕಾಯಿಲೆಯಲ್ಲೇ ಕಷ್ಟದ ಭಾಗ. ಅಮ್ಮನ ಎರಡೂ ಕೈಗಳನ್ನು ಮಂಚದ ಸರಳಿಗೆ ಬಟ್ಟೆಯಿಂದ ಕಟ್ಟಿದ್ದರು. ಇಲ್ಲದಿದ್ದರೆ ಸೂಜಿ ಕೀಳುತ್ತಿದ್ದಳು. ಜೀವಮಾನವೆಲ್ಲ ಸುಮ್ಮನೆ ಕೂರದಿದ್ದ ಕೈಗಳು. ಅವಳು ಅವನ್ನು ಜಗ್ಗಿ ಜಗ್ಗಿ ಮಣಿಕಟ್ಟು ಸುಲಿದುಕೊಂಡಿದ್ದಳು. ಕಚ್ಚಿಸಿಕೊಂಡ ನರ್ಸೇ ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು, ಕಟ್ಟಿನ ಕೆಳಗೆ ಹತ್ತಿ ಇಟ್ಟು ಮತ್ತೆ ಕಟ್ಟಿದಳು. ನಾನು ತಪ್ಪಾಯ್ತಮ್ಮ ಎಂದೆ. "ಕಚ್ಚಿದ್ದು ಅಜ್ಜಿ ಅಲ್ಲ ಅಕ್ಕ, ಕಾಯ್ಲೆ. ನೀವು ಮನಸ್ಸಿಗೆ ಹಚ್ಕೋಬ್ಯಾಡ್ರಿ," ಎಂದಳು. ಗದಗಿನ ಕಡೆಯ ಹುಡುಗಿ. ಮೊದಲ ಸಲ ಯಾರೋ ಅದನ್ನು ಕಾಯಿಲೆ ಎಂದಿದ್ದರು. ನಾನು ಕಾರಿಡಾರಿಗೆ ಬಂದು ಅತ್ತುಬಿಟ್ಟೆ.

ಅಮ್ಮ ಬೈಯುತ್ತಿದ್ದಳು. ಅವಳಿಗೆ ಆ ಮಾತುಗಳು ಗೊತ್ತಿವೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಸತ್ತ ಅತ್ತೆಯನ್ನು ಬೈದಳು, ತೋಟ ಮಾರಿಸಿದ ದಲ್ಲಾಳಿಯನ್ನು ಬೈದಳು, ನನ್ನನ್ನೂ ಬಿಡಲಿಲ್ಲ. ಆಮೇಲೆ ಬಾಗಿಲ ಬಳಿ ನಿಂತಿದ್ದ ಅಪ್ಪನನ್ನು ಕಂಡಳು.

"ಲೇ ಮುನಿಶಾಮಿ," ಎಂದು ಕೂಗಿದಳು. "ಬಾಯಿ ತೆಗಿಯೋ ಮುನಿಶಾಮಿ. ಏನ್ ನುಂಗಿದ್ದೀಯ ತೋರ್ಸು."

ವಾರ್ಡಿನಲ್ಲಿದ್ದವರಿಗೆ ಅದು ಯಾರೋ ಮುದುಕಿಯ ಕೂಗು. ನಮಗೆ ಸಿಡಿಲು ಬಡಿದಂತಾಯಿತು. ಕೋಲಿನ ಏಟು ತಿಂದಾಗಲೂ ಅಲುಗಾಡದ ಅಪ್ಪ, ಅವಳ ಬಾಯಲ್ಲಿ ತನ್ನ ಹೆಸರು ಕೇಳಿ ಗೋಡೆ ಹಿಡಿದುಕೊಂಡ. ಅವನನ್ನು ಬೆಂಚಿನ ಮೇಲೆ ಕೂರಿಸಿದೆ. ಒಳಗಿನಿಂದ ಹೆಸರು ಬರುತ್ತಲೇ ಇತ್ತು. ಅಷ್ಟು ವರ್ಷ ಹೇಳದೆ ಉಳಿಸಿದ್ದನ್ನೆಲ್ಲ ಒಟ್ಟಿಗೆ ಹೇಳುತ್ತಿರುವ ಹಾಗೆ. ಅಪ್ಪ ಪ್ರತಿ ಸಲವೂ ತಲೆ ಆಡಿಸುತ್ತಿದ್ದ.

ಉಪ್ಪು ಏರಿದಂತೆ ಅಮ್ಮ ಇಳಿದಳು. ಕೂಗು ಗೊಣಗಾಟವಾಯಿತು, ಗೊಣಗಾಟ ನಿದ್ದೆಯಾಯಿತು. ಒಂದು ಬೆಳಿಗ್ಗೆ ಕಣ್ಣು ಬಿಟ್ಟು ನನ್ನನ್ನು ಸರಿಯಾಗಿ ನೋಡಿ, ಅಂಗಡಿ ಯಾರು ತೆಗೆದರು ಎಂದು ಕೇಳಿದಳು. ಪಾರ್ಲರನ್ನು ಅವಳು ಅಂಗಡಿ ಎಂದೇ ಕರೆಯುವುದು. ಕೈ ಯಾಕೆ ಕಟ್ಟಿದ್ದೀರಿ ಎಂದಳು, ಬಿಚ್ಚಿದೆವು. ಅವಳಿಗೆ ಏನೂ ನೆನಪಿರಲಿಲ್ಲ. ಅಪ್ಪನನ್ನು ನೋಡಿ ಸೆರಗು ಸರಿಮಾಡಿಕೊಂಡಳು. "ಬಾಯಿಗೆ ಏನಾಯ್ತು ನಿಮ್ಗೆ?" ಎಂದು ಕೇಳಿದಳು. ಹೊಲಿಗೆ ಹಾಕಿದ ತುಟಿಯನ್ನು ಮೆಲ್ಲಗೆ ಅಲ್ಲಾಡಿಸಿ, ಬಚ್ಚಲಲ್ಲಿ ಜಾರಿ ಬಿದ್ದೆ ಎಂದ ಅಪ್ಪ. ನೋಡಿಕೊಂಡು ಓಡಾಡಬಾರದಾ ಎಂದು ನೊಂದುಕೊಂಡಳು.

ಎಲ್ಲ ಮುಗಿಯಿತು ಅಂದುಕೊಂಡೆವು. ಮಧ್ಯಾಹ್ನ ಅನ್ನ ಸಾರು ಬಂತು. ಅಮ್ಮ ವಾಸನೆ ನೋಡಿ ತಟ್ಟೆ ದೂರ ಸರಿಸಿದಳು. ಇದರಲ್ಲಿ ಉಪ್ಪಿದೆ ಎಂದಳು. ಡಾಕ್ಟರಮ್ಮ ಬಂದು ಬಿಡಿಸಿ ಹೇಳಿದರು: ಮಾತ್ರೆ ಬದಲಾಯಿಸುತ್ತೇವೆ, ಆದರೆ ನೀವು ಎಲ್ಲರ ಹಾಗೆ ಉಪ್ಪು ಹಾಕಿದ ಊಟ ಮಾಡಲೇಬೇಕು, ಇಲ್ಲದಿದ್ದರೆ ಮತ್ತೆ ಹೀಗೇ ಆಗುತ್ತದೆ, ಮುಂದಿನ ಸಲ ಉಳಿಸುವುದು ಕಷ್ಟ. ಅಮ್ಮ ವಿನಯದಿಂದ ತಲೆ ಆಡಿಸಿದಳು. ತುತ್ತು ಮಾತ್ರ ಮುಟ್ಟಲಿಲ್ಲ. ರವಿ ಬೇಡಿಕೊಂಡ, ಸುಮ ಕತ್ತಿನ ಬೊಬ್ಬೆಯ ಮೇಲೆ ಸೆರಗು ಹೊದ್ದುಕೊಂಡೇ ಬಂದು ತುತ್ತು ಕಲಸಿ ಬಾಯಿಗೆ ಹಿಡಿದಳು. ಅಮ್ಮ ಹಲ್ಲು ಕಚ್ಚಿ ಕೂತಳು. ನನಗೆ ತಲೆ ಕೆಟ್ಟುಹೋಯಿತು. ಮಂಚದ ಕಬ್ಬಿಣ ಹಿಡಿದು ಅಲ್ಲಾಡಿಸಿದೆ. ಸಾಯಬೇಕು ಅಂತಿದ್ದರೆ ಇಲ್ಲೇ ಹೇಳು, ಮತ್ತೆ ನಿನ್ನ ಕೈಕಾಲು ಕಟ್ಟುವುದನ್ನು ನೋಡುವ ಶಕ್ತಿ ನನಗಿಲ್ಲ ಎಂದೆ. ಆಗ ಅವಳು ಹರಕೆಯ ಗಡುವು ಹೇಳಿದಳು. ಹೇಳುವಾಗ ನನ್ನನ್ನು ನೋಡಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದಳು.

"ಇವ್ರು ಅವ್ರ ಕಾಲಲ್ಲೇ ನಡ್ಕೊಂಡು ಅಮ್ಮನ ಗುಡಿಗೆ ಹೋಗ್ಬೇಕು. ಅಲ್ಲೀಗಂಟ ನಾನು ಉಪ್ಪು ಮುಟ್ಟಂಗಿಲ್ಲ."

ಅಪ್ಪ ಬೆಂಚಿನಿಂದ ಎದ್ದ. ಅವನ ಮುಖ ಸುಣ್ಣದ ಗೋಡೆಯಾಗಿತ್ತು. ಸ್ಟೆಂಟ್ ಹಾಕಿಸಿಕೊಂಡಾಗಿನಿಂದ ಅವನು ಮನೆಯ ಗೇಟು ದಾಟುವುದಿಲ್ಲ ಎಂದೇ ನಾವು ನಂಬಿದ್ದೆವು. ನಡೆಯಿರಿ ಎಂದು ಡಾಕ್ಟರು ಹೇಳಿದರೂ ಕಾಲು ನಡುಗುತ್ತೆ, ಎದೆ ಹಿಡಿಯುತ್ತೆ ಅನ್ನುತ್ತಿದ್ದ. ಗುಡಿ ನಮ್ಮ ಬೀದಿಯ ಕೊನೆಯಲ್ಲಿ, ಒಂದು ತಿರುವಿನ ಆಚೆ. ಅಮ್ಮ ಎಷ್ಟೋ ಸಲ ಬನ್ನಿ ಹೋಗಿ ಬರೋಣ ಎಂದು ಕರೆದಾಗ, ಆಗಲ್ಲ ಬಿಡು ಎಂದಿದ್ದನ್ನು ನಾನೇ ಕೇಳಿದ್ದೇನೆ.

ಅಪ್ಪನನ್ನು ಆಟೋದಲ್ಲಿ ಕರೆದುಕೊಂಡು ಬಂದು ಮನೆಯ ಮುಂದೆ ಇಳಿಸಿದೆ. ಹಿಡಿದುಕೊಳ್ಳಲು ಪಕ್ಕಕ್ಕೆ ಹೋದರೆ ಬೇಡ ಎಂದ. ನಡೆದ. ಕಾಲು ನಡುಗಲಿಲ್ಲ. ನಾನು ಬೇಗ ಬೇಗ ಹೆಜ್ಜೆ ಹಾಕಬೇಕಾಯಿತು. ತಿರುವಿನ ಬೇಕರಿಯ ಹತ್ತಿರ ಬಂದಾಗ ಬೇಕರಿಯವನು ಒಳಗಿನಿಂದಲೇ ಮಾತಾಡಿಸಿದ.

"ಏನ್ ಯಜಮಾನ್ರೇ, ದಿನಾ ಮಧ್ಯಾಹ್ನ ಬರೋರು ಈ ಕಡೆ ತಲೇನೇ ಹಾಕಿಲ್ಲ?"

ಕೇಳುತ್ತಲೇ ಅವನ ಕೈ ಅಭ್ಯಾಸದಂತೆ ಕಾಂಗ್ರೆಸ್ ಕಡಲೆಕಾಯಿಯ ಜಾರ್ ಕಡೆ ಹೋಗಿ ಕಾಗದದ ಪೊಟ್ಟಣ ಕಟ್ಟತೊಡಗಿತ್ತು. ಉಪ್ಪು, ಖಾರ, ಕರಿಬೇವು ಹಚ್ಚಿ ಹುರಿದ ಕಡಲೆಕಾಯಿ. ಅಮ್ಮ ಸುಸ್ತಾಗಿ ಮಲಗುವ ಹೊತ್ತಿಗೆ, ರವಿ, ಸುಮ ಕೆಲಸಕ್ಕೆ ಹೋದ ಹೊತ್ತಿಗೆ, ಈ ಮನುಷ್ಯ ದಿನಾ ಎದ್ದು ಇಲ್ಲಿಗೆ ನಡೆದುಕೊಂಡು ಬಂದಿದ್ದ. ಇನ್ನು ನಾಲ್ಕು ಹೆಜ್ಜೆ ಹಾಕಿದ್ದರೆ ಗುಡಿ. ಹಾಕಿರಲಿಲ್ಲ. ಗುಡಿಗೆ ಬಂದರೆ ಪೂಜಾರಿ ಮನೆಗೆ ಸುದ್ದಿ ಮುಟ್ಟಿಸುತ್ತಾನೆ ಎನ್ನುವ ಭಯ.

ಕೌಂಟರ್ ಮೇಲಿನ ಆ ಗಾಜಿನ ಜಾರ್ ಎತ್ತಿ ರಸ್ತೆಗೆ ಅಪ್ಪಳಿಸಿದೆ. ಗಾಜು, ಕಡಲೆಕಾಯಿ ಎಲ್ಲ ಅಪ್ಪನ ಕಾಲ ಸುತ್ತ ಚೆಲ್ಲಿಕೊಂಡಿತು. ಬೈಕಿನವರು ನಿಂತು ನೋಡಿದರು. ಅಪ್ಪನ ಅಂಗಿಯ ಎದೆ ಹಿಡಿದು ಜಗ್ಗಿದೆ. ಆ ಕ್ಷಣ ಇನ್ನೊಂದು ಹಲ್ಲು ನಾನೇ ಉದುರಿಸುತ್ತಿದ್ದೆನೇನೋ.

"ಸಪ್ಪೆ ತಿಂದು ತಿಂದು ಸತ್ತೋಗ್ತೀನೇನೋ ಅನ್ನಿಸ್ತಿತ್ತು ಕಣವ್ವ," ಎಂದ.

"ನೀನು ಸಾಯ್ಲಿಲ್ಲ. ಅವ್ಳು ಸಾಯ್ತಿದ್ಲು."

ಅಪ್ಪ ಅಂಗಿ ಬಿಡಿಸಿಕೊಂಡು, ಚಪ್ಪಲಿ ಅಲ್ಲೇ ಬಿಟ್ಟು, ಗಾಜು ತುಳಿದುಕೊಂಡೇ ಗುಡಿಯೊಳಗೆ ಹೋದ. ಅಂಗಾಲಿನ ರಕ್ತ ಹೊಸಿಲ ಮೇಲೆ ಬಿತ್ತೆಂದು ಪೂಜಾರಿ ಗೊಣಗುತ್ತಿದ್ದ. ಅಪ್ಪ ಎಷ್ಟು ಹೊತ್ತು ಒಳಗಿದ್ದನೋ ಗೊತ್ತಿಲ್ಲ, ನಾನು ಬೇಕರಿಯವನ ಹತ್ತಿರ ಪೊರಕೆ ಇಸಿದುಕೊಂಡು ರಸ್ತೆ ಗುಡಿಸುತ್ತಿದ್ದೆ. ಅವನು ಕುಂಕುಮವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಂದ. ಅವನ ಪಾದಕ್ಕೆ ಬಟ್ಟೆ ಸುತ್ತಿ ಆಟೋದಲ್ಲಿ ಆಸ್ಪತ್ರೆಗೆ ವಾಪಸ್ ಕರೆತಂದೆ.

ಅಮ್ಮ ಕುಂಕುಮ ನೋಡಿದಳು, ಅಪ್ಪನ ಪಾದದ ಮೇಲಿನ ಬಟ್ಟೆ ಕಟ್ಟು ನೋಡಿದಳು. "ನಡ್ಕೊಂಡೇ ಹೋದ್ರಾ?" ಎಂದು ನನ್ನನ್ನು ಕೇಳಿದಳು. ಅವಳು ಉಣ್ಣುವುದು ಮುಖ್ಯವಾಗಿತ್ತು. ಮಿಕ್ಕಿದ್ದನ್ನು ನುಂಗಿಕೊಂಡು ಹೂಂ ಎಂದೆ. ಕ್ಯಾಂಟೀನಿನಿಂದ ತಂದ ಉಪ್ಪಿನ ಪೊಟ್ಟಣ ಒಡೆದು ಅಪ್ಪನ ಕೈಗೆ ಕೊಟ್ಟೆ. ಜೀವನದಲ್ಲಿ ಒಂದು ಲೋಟ ನೀರು ತಂದುಕೊಡದ ಮನುಷ್ಯ ಎರಡು ಬೆರಳಿನಲ್ಲಿ ಚಿಟಿಕೆ ಉಪ್ಪು ತೆಗೆದು ಅವಳ ನಾಲಿಗೆಯ ಮೇಲಿಟ್ಟ. ಅಮ್ಮ ಕಣ್ಣು ಮುಚ್ಚಿ ಚಪ್ಪರಿಸಿದಳು. ಎಳೆ ಮಗುವಿಗೆ ಬೆಲ್ಲ ನೆಕ್ಕಿಸಿದ ಹಾಗೆ ಕಾಣುತ್ತಿತ್ತು. ಆಮೇಲೆ ಒಂದು ತಟ್ಟೆ ಅನ್ನ ಪೂರ್ತಿ ಉಂಡಳು.

ಆನಂತರ ಅಮ್ಮ ಕೆಲವು ವರ್ಷ ಬದುಕಿದಳು, ಚೆನ್ನಾಗಿಯೇ ಬದುಕಿದಳು. ಆಗಾಗ ರಕ್ತ ಪರೀಕ್ಷೆಗೆ ಯಲಹಂಕಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಅಡುಗೆಮನೆಯಲ್ಲಿ ಪಾತ್ರೆ ಕೊಂಚ ಜೋರಾಗಿ ಸದ್ದಾದರೂ ಸುಮ ಕತ್ತು ಮುಟ್ಟಿಕೊಳ್ಳುತ್ತಿದ್ದಳು, ನಾನಿದ್ದರೆ ಎದ್ದು ಹೋಗಿ ಇಣುಕುತ್ತಿದ್ದೆ. ಇಂಥ ಕಾಯಿಲೆ ನೋಡಿದ ಮನೆಗಳಿಗೆ ಆ ಭಯ ಪೂರ್ತಿ ಹೋಗುವುದಿಲ್ಲ, ಅದರ ಜೊತೆಗೇ ಸಂಸಾರ ನಡೆಯುತ್ತದೆ. ಅಪ್ಪ ಬದಲಾದ. ಸಪ್ಪೆಯೋ ಉಪ್ಪೋ ತಟ್ಟೆಗೆ ಬಿದ್ದದ್ದನ್ನು ತಲೆ ತಗ್ಗಿಸಿ ಉಂಡು, ತಟ್ಟೆ ತಾನೇ ತೊಳೆದಿಡುತ್ತಿದ್ದ. ಬಚ್ಚಲಲ್ಲಿ ಬಿದ್ದ ಕಥೆಯನ್ನು ನಾವೆಲ್ಲ ಕಾಪಾಡಿಕೊಂಡು ಬಂದೆವು. ಬೇಕರಿಯ ವಿಷಯವನ್ನು ನಾನೂ ಎತ್ತಲಿಲ್ಲ. ಆದರೆ ಅಮ್ಮ ಅಪ್ಪನಿಗೆ ಮುದ್ದೆ ಮೆತ್ತಗೆ ಮಾಡಿ, ಹಲ್ಲಿಲ್ಲದ ಕಡೆ ನೋವಾಗದಂತೆ ಚಿಕ್ಕ ಚಿಕ್ಕದಾಗಿ ಮುರಿದು ಇಡುವುದನ್ನು ನೋಡಿದಾಗಲೆಲ್ಲ ನನ್ನ ನಾಲಿಗೆ ತುರಿಸುತ್ತಿತ್ತು.

ಅವಳು ತೀರಿಕೊಳ್ಳುವ ಕೆಲವು ದಿನ ಮೊದಲು, ತಾರಸಿಯ ಬಿಸಿಲಲ್ಲಿ ಕೂರಿಸಿ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಅಪ್ಪನ ಅಂಗಿಗಳು ತಂತಿಯ ಮೇಲೆ ಒಣಗುತ್ತಿದ್ದವು. ಕೊನೆಗೂ ನನಗೆ ತಡೆಯಲಾಗಲಿಲ್ಲ. ನೀನು ಉಪ್ಪು ಬಿಟ್ಟು ಒಣಗುತ್ತಿದ್ದಾಗ ಅವನು ಏನು ಮಾಡುತ್ತಿದ್ದ ಗೊತ್ತಾ ಎಂದು ಶುರು ಮಾಡಿದೆ. ಅಮ್ಮ ತಿರುಗದೆಯೇ ಹೇಳಿದಳು:

"ಅಂಗಿ ಒ‌ಗೆಯೋಳು ನಾನು ಕಣೇ. ದಿನಾ ಜೇಬಲ್ಲಿ ಖಾರದ ಪುಡಿ, ಕರಿಬೇವಿನ ಎಲೆ."

ಎಣ್ಣೆ ಬಟ್ಟಲು ಕೆಳಗಿಟ್ಟೆ. ಹಾಗಾದರೆ ಅವನು ನಡೆಯುತ್ತಾನೆ ಅಂತಲೂ ಗೊತ್ತಿತ್ತಾ ಎಂದೆ. ಗೊತ್ತಿತ್ತು ಎಂದಳು. ಒಂದು ಮಾತು ಹೇಳಿದ್ದರೆ ಅವತ್ತೇ ಹರಕೆ ಮುಗಿಯುತ್ತಿತ್ತಲ್ಲ, ಸಾಯುವ ತನಕ ಯಾಕೆ ಹೋದೆ ಎಂದು ಕೂಗಿದೆ.

"ಅವ್ರೇ ಬರ್ಲಿ ಅಂತ," ಎಂದಳು ಅಮ್ಮ. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡು, "ಹೊಡ್ದಿದ್ದು ನಾನೇ ಅಲ್ವಾ? ಹೊಡ್ದಿದ್ದು ಜ್ಞಾಪಕಕ್ಕಿಲ್ಲ. ಕೈ ಹಗುರ ಆಗಿದ್ದು ಜ್ಞಾಪಕ ಐತೆ," ಎಂದಳು.

ಒಂದು ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ಹನ್ನೊಂದನೆಯ ದಿನ ಅಪ್ಪನೇ ಎಡೆ ಇಟ್ಟ. ಎಲೆಯ ತುದಿಗೆ ಮೊದಲು ಉಪ್ಪು ಹಾಕಿದ, ಕೈ ತುಂಬ. ದೊಡ್ಡಮ್ಮ ಅಷ್ಟ್ಯಾಕೆ ಎನ್ನುತ್ತಿದ್ದಂತೆಯೇ ಅದರ ಪಕ್ಕಕ್ಕೆ ಮುದ್ದೆ ಇಟ್ಟ.

ನೆಂಟರು ಹೋದಮೇಲೆ, ನಮ್ಮ ಪಾರ್ಲರಿನ ಪಕ್ಕದಲ್ಲೇ ಹಲ್ಲಿನ ಡಾಕ್ಟರಿದ್ದಾರೆ, ಇನ್ನಾದರೂ ಆ ಹಲ್ಲು ಕಟ್ಟಿಸಿಕೋ, ಉಣ್ಣುವುದಕ್ಕೆ ಕಷ್ಟ ಎಂದು ಅಪ್ಪನಿಗೆ ಹೇಳಿದೆ. ಅವನು ನಾಲಿಗೆಯಿಂದ ಆ ಸಂದು ಮುಟ್ಟಿ ನೋಡಿಕೊಂಡ.

"ಬೇಡ ಕಣವ್ವ. ಮಾಡಿದ್ದೆಲ್ಲ ನನಗೋಸ್ಕರ ಮಾಡಿದ್ಲು. ಇದೊಂದು ಅವ್ಳಿಗೋಸ್ಕರ ಮಾಡ್ಕೊಂಡ್ಲು. ಇರ್ಲಿ."